ಜಾಗರಾಯರ ಸೈಟು

ಮದುವೆ ಮನೆಯಲ್ಲಿ ಪಂಕ್ತಿಗೆ ಎಲೆ ಹಾಕಿದ ಮೇಲೂ ಕೂರದೆ ನಿಂತಿರುವ ಒಬ್ಬರನ್ನು ನೀವು ನೋಡಿಯೇ ಇರುತ್ತೀರಿ. ಅವರಿಗೆ ಹಸಿವಿಲ್ಲ ಅಂತಲ್ಲ, ಜಾಗ ನೋಡುತ್ತಿದ್ದಾರೆ. ಮೊದಲ ಎಲೆಗೆ ಕೂತರೆ ಬಡಿಸುವವನ ಕೈ ಇನ್ನೂ ಬಿಗಿ. ಕೊನೆಯ ಎಲೆಗೆ ಹೋಳಿಗೆ ತಲುಪುವ ಭರವಸೆಯಿಲ್ಲ. ಫ್ಯಾನಿನ ಕೆಳಗೆ ಎಲೆ ಹಾರುತ್ತದೆ, ಫ್ಯಾನು ಬಿಟ್ಟು ಕೂತರೆ ಬೆವರು ಸಾರಿಗೆ ಬೀಳುತ್ತದೆ. ಇದನ್ನೆಲ್ಲ ಅಳೆದು ಸುರಿದು ಅವರು ಒಂದು ಎಲೆಯನ್ನು ನಿಶ್ಚಯಿಸುವ ಹೊತ್ತಿಗೆ ಅಲ್ಲಿ ಇನ್ಯಾರೋ ಕೂತು ಕೋಸಂಬರಿ ಮುಗಿಸಿರುತ್ತಾರೆ. ಮೈಸೂರು ಬಸ್ಸು ಹತ್ತಿ, ಬಿಸಿಲು ಯಾವ ಕಡೆ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾ ರಾಮನಗರದವರೆಗೂ ನಿಂತೇ ಹೋಗುವವರೂ ಇವರೇ.

ಈ ಜಾತಿಯ ಒಬ್ಬರು ಅಮೆರಿಕಕ್ಕೆ ಹೋಗಿ ಕ್ಯಾಂಪರ್ ಟ್ರೇಲರ್ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ.

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅರಿಜೋನಾ ರಾಜ್ಯದ ಫೀನಿಕ್ಸಿನ ನಮ್ಮ ಬಳಗದಲ್ಲಿ ಅವರು ಜಾಗರಾಯರು. ಮಂಡ್ಯದ ಕಡೆಯವರು, ವಯಸ್ಸು ಐವತ್ತೆಂಟು. ಮನೆ ಮುಂದೆ ಒಂದು ಪಿಕಪ್ ಟ್ರಕ್ಕು, ಅದರ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಇಪ್ಪತ್ತೆರಡು ಅಡಿಯ ಗಾಲಿ ಮನೆ. ಅದರೊಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಮೂಲೆಯಲ್ಲಿ ಅಂಗೈ ಅಗಲದ ದೇವರ ಗೂಡು. ನನ್ನ ಬಳಿ ಇರುವುದು ಒಂದು ಹಳೆಯ ಮೋಟಾರು ದೋಣಿ. ಗಾಲಿ ಮನೆಯವರಿಗೆ ದೋಣಿ ಬೇಕು, ದೋಣಿಯವನಿಗೆ ಮಲಗುವ ಊರಲ್ಲಿ ಅಡುಗೆಮನೆ ಬೇಕು. ಸ್ನೇಹ ಬೆಳೆದದ್ದು ಹಾಗೆ.

ಬೆಂಗಳೂರಿನಲ್ಲಿದ್ದ ಕಾಲಕ್ಕೆ ರಾಯರು ಸೈಟಿಗೆ ಮೂರು ಸಲ ಅರ್ಜಿ ಹಾಕಿದ್ದರಂತೆ. ಮೂರು ಸಲವೂ ಬರಲಿಲ್ಲ. ಭಾನುವಾರಗಳಂದು ಬ್ರೋಕರ್ ಹಿಂದೆ ಸ್ಕೂಟರಿನಲ್ಲಿ ಕೂತು, ಕಲ್ಲು ನೆಟ್ಟ ಹೊಲಗಳನ್ನು ನೋಡಿ ನೋಡಿ, ಮೂಲೆ ಸೈಟಿನ ಗುಣ, ತ್ರಿಕೋನ ಸೈಟಿನ ದೋಷ, ರಸ್ತೆ ಕುತ್ತಿನ ಫಲ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡರು. ಕಲಿತ ವಿದ್ಯೆ ಉಪಯೋಗಕ್ಕೆ ಬರುವ ಮೊದಲೇ ವಿಮಾನ ಹತ್ತಿದರು. ಇಲ್ಲಿಗೆ ಬಂದು ನೋಡಿದರೆ, ಕೆರೆದಂಡೆಯಲ್ಲಿ ಎರಡು ರಾತ್ರಿ ಗಾಲಿ ಮನೆ ನಿಲ್ಲಿಸಲು ಕೊಡುವ ಜಾಗಕ್ಕೂ ಸೈಟು ಎಂದೇ ಹೆಸರು. ಅನಾಹುತದ ಮೂಲ ಅದೇ.

“ಎರಡು ರಾತ್ರಿ ಮಲಗೋದಕ್ಕೆ ಇಷ್ಟು ಯೋಚನೆ ಯಾಕೆ ರಾಯರೇ?” ಎಂದು ಒಮ್ಮೆ ಕೇಳಿದ್ದೆ.

“ಮಲಗೋದು ಬೇರೆ, ಸೈಟು ಬೇರೆ ಕಣ್ರೀ” ಅಂದರು.

2023ರ ಜೂನ್ ಮೊದಲ ವಾರ ನಾವು ಎರಡು ಸಂಸಾರ ಲೇಕ್ ಪೊವೆಲ್‌ಗೆ ಹೊರಟೆವು. ಹೆಸರು ಲೇಕ್ ಎಂದಿದ್ದರೂ ಅದು ನಮ್ಮ ಕೆಆರ್‌ಎಸ್ ಥರ ಕಟ್ಟಿ ನಿಲ್ಲಿಸಿದ ನೀರು. ಕೊಲರಾಡೊ ನದಿಗೆ ಅಡ್ಡಲಾಗಿ 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟಿ 1963ರಲ್ಲಿ ನೀರು ನಿಲ್ಲಿಸತೊಡಗಿದರು. ತುಂಬಿದ್ದು 1980ರಲ್ಲಿ, ಹದಿನೇಳು ವರ್ಷದ ಮೇಲೆ. ಕೆಂಪು ಬಂಡೆಗಳ ನಡುವೆ ನೀಲಿ ನೀರು. ನೀರು ಇಳಿದ ಎತ್ತರದಲ್ಲೆಲ್ಲ ಬಂಡೆಗೆ ಸುಣ್ಣ ಹೊಡೆದಂಥ ಬಿಳಿ ಪಟ್ಟಿ. ಫೀನಿಕ್ಸಿನಿಂದ ಸುಮಾರು 275 ಮೈಲಿ. ಬೆಳಗಿನ ಜಾವ ಐದಕ್ಕೆ ಹೊರಟು, ಫ್ಲ್ಯಾಗ್‌ಸ್ಟಾಫಿನ ಏಳು ಸಾವಿರ ಅಡಿಯ ಎತ್ತರಕ್ಕೆ ಗಾಲಿ ಮನೆಯನ್ನು ಏದುಸಿರು ಬಿಡುತ್ತಾ ಎಳೆದು, ಇಳಿದು, ಪೇಜ್ ಎಂಬ ಊರು ದಾಟಿ ವಾವೀಪ್ ಎಂಬಲ್ಲಿಗೆ ಮುಟ್ಟಿದಾಗ ಮಧ್ಯಾಹ್ನ.

ವಾವೀಪ್ ಕ್ಯಾಂಪ್‌ಗ್ರೌಂಡಿನಲ್ಲಿ ನಾಲ್ಕು ತಿಂಗಳ ಹಿಂದೆಯೇ ಸೈಟು ಕಾದಿರಿಸಿದ್ದೆವು. ಕರೆಂಟು, ನಲ್ಲಿ, ಕೊಳಚೆ ಕೊಳವೆ ಎಲ್ಲ ಇರುವ ಜಾಗ. ಎದುರಿಗೆ ಇಳಿಜಾರು, ಕೆಳಗೆ ನೀರು. ನನ್ನಂಥವನಿಗೆ ಇನ್ನೇನು ಬೇಕು? ರಾಯರು ಟ್ರಕ್ಕಿನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಾಲ್ಕು ದಿಕ್ಕಿಗೂ ತಿರುಗಿ, ಕ್ರಯಪತ್ರ ಓದುವ ಧಾಟಿಯಲ್ಲಿ ಚಕ್ಕುಬಂದಿ ಹೇಳಿದರು.

“ಪೂರ್ವಕ್ಕೆ ಶೌಚಾಲಯ. ಪಶ್ಚಿಮಕ್ಕೆ ಜನರೇಟರು ಇಟ್ಕೊಂಡಿರೋ ಸಂಸಾರ. ಉತ್ತರಕ್ಕೆ ರಸ್ತೆ. ದಕ್ಷಿಣಕ್ಕೆ ಎರಡು ನಾಯಿ. ಈ ಮಧ್ಯೆ ಇರುವ ಸ್ವತ್ತನ್ನ ನಾನು ಹೇಗ್ರೀ ಒಪ್ಪಿಕೊಳ್ಳಲಿ?”

ಕಚೇರಿಯ ಹುಡುಗಿ ನಗುತ್ತಲೇ ಇನ್ನೊಂದು ಸೈಟು ಕೊಟ್ಟಳು. ಅಲ್ಲಿ ಗಾಲಿ ಮನೆ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ರಾಯರು ಜೇಬಿನಿಂದ ರಸಮಟ್ಟ ತೆಗೆದರು. ಗಾರೆ ಕೆಲಸದವರು ಗೋಡೆಗೆ ಹಿಡಿಯುತ್ತಾರಲ್ಲ, ನಡುವೆ ಗುಳ್ಳೆ ಓಡಾಡುವ ಅದೇ ಕೋಲು. ಇದನ್ನು ಮಾತ್ರ ನಾನು ಲೇವಡಿ ಮಾಡುವ ಹಾಗಿಲ್ಲ. ಅವರ ಟ್ರೇಲರಿನಲ್ಲಿರುವುದು ಗ್ಯಾಸಿನ ಮೇಲೆ ಓಡುವ, ಅಮೋನಿಯ ಹರಿಯುವ ಬಗೆಯ ಫ್ರಿಜ್ಜು. ಅದು ಒಂದು ಕಡೆಗೆ ವಾಲಿ ನಿಂತರೆ ಒಳಗಿನ ದ್ರವ ಸರಿಯಾಗಿ ಹರಿಯದೆ ತಂಪು ಹಿಡಿಯುವುದಿಲ್ಲ. ಅತ್ತಿಗೆ, ಎಂದರೆ ರಾಯರ ಹೆಂಡತಿ, ಹೆಪ್ಪು ಹಾಕಿ ತಂದ ಎರಡು ಡಬ್ಬಿ ಮೊಸರಿನ ಭವಿಷ್ಯ ಆ ಗುಳ್ಳೆಯ ಕೈಯಲ್ಲಿತ್ತು. ಗುಳ್ಳೆ ಎಡಕ್ಕೆ ಹೋಯಿತು. ಬಲ ಚಕ್ರದಡಿ ಒಂದು ಹಲಗೆ ಇಟ್ಟರು. ಗುಳ್ಳೆ ಬಲಕ್ಕೆ ಹೋಯಿತು. ಎಡಕ್ಕೊಂದು ಹಲಗೆ ಇಟ್ಟರು. ಗುಳ್ಳೆ ಮತ್ತೆ ಎಡಕ್ಕೆ. ಹೀಗೆ ಒಂದೂಕಾಲು ಗಂಟೆ ಆದ ಮೇಲೆ ಗುಳ್ಳೆ ನಡುವೆ ನಿಂತಿತು. ರಾಯರು ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು, ಮೊದಲ ಬಾರಿಗೆ ತಲೆಯೆತ್ತಿ ಸುತ್ತ ನೋಡಿ, “ಬಾಗಿಲು ತಪ್ಪು ಕಡೆ ಬಂತು” ಅಂದರು.

ಇದೂ ಸುಮ್ಮನೆ ಹೇಳಿದ ಮಾತಲ್ಲ. ಈ ದೇಶದ ಟ್ರೇಲರುಗಳಿಗೆ ಬಾಗಿಲು, ಅದರ ಮುಂದೆ ಬಿಚ್ಚುವ ಬಟ್ಟೆಯ ಚಪ್ಪರ ಸಾಮಾನ್ಯವಾಗಿ ಬಲಗಡೆ. ನಲ್ಲಿ, ಕೊಳಚೆ ಕೊಳವೆಗಳ ಸಂಪರ್ಕ ಎಡಗಡೆ. ಹಾಗಾಗಿ ಗಾಡಿ ಯಾವ ಮುಖವಾಗಿ ನಿಂತಿತು ಎನ್ನುವುದರ ಮೇಲೆ ನೀವು ಎರಡು ದಿನ ಕೆರೆ ನೋಡುತ್ತಾ ಕಾಫಿ ಕುಡಿಯುತ್ತೀರೋ, ಪಕ್ಕದವರ ಕೊಳಚೆ ಕೊಳವೆ ನೋಡುತ್ತಾ ಕುಡಿಯುತ್ತೀರೋ ನಿರ್ಧಾರವಾಗುತ್ತದೆ. ಬಾಗಿಲು ಪಶ್ಚಿಮಕ್ಕೆ ಬಂದರೆ ಸಂಜೆಯ ಬಿಸಿಲೆಲ್ಲ ಚಪ್ಪರದೊಳಗೆ. ಉತ್ತರಕ್ಕೋ ಪೂರ್ವಕ್ಕೋ ಬಂದರೆ ಮಧ್ಯಾಹ್ನದ ಮೇಲೆ ನೆರಳು. ಜಾಗರಾಯರ ಲೆಕ್ಕಾಚಾರಗಳ ನಿಜವಾದ ಸಂಕಟವೇ ಇದು. ಒಂದೊಂದೂ ಸರಿ, ಎಲ್ಲ ಸೇರಿದರೆ ತಲೆನೋವು.

ಆ ಹೊತ್ತಿಗೆ ಯಾರೋ ಪುಣ್ಯಾತ್ಮರು ಲೋನ್ ರಾಕ್ ಬೀಚಿನ ಹೆಸರು ಹೇಳಿದರು. ಹತ್ತೇ ನಿಮಿಷದ ದಾರಿ, ಗಡಿಯಾಚೆ ಯೂಟಾ ರಾಜ್ಯಕ್ಕೆ ಸೇರಿದ್ದು. ನೀರಿನ ನಡುವೆ ಒಂಟಿ ಬಂಡೆ, ಅದರ ಎದುರು ಉದ್ದಕ್ಕೂ ಮರಳು. ಅಲ್ಲಿ ಸೈಟುಗಳಿಗೆ ನಂಬರಿಲ್ಲ, ಗೆರೆಯಿಲ್ಲ, ಕಾದಿರಿಸುವ ಪದ್ಧತಿಯಿಲ್ಲ. ದುಡ್ಡು ಕಟ್ಟಿ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿಕೊಳ್ಳಬಹುದು. ಇಂಥ ಮನುಷ್ಯರಿಗೆ ಇಂಥ ಜಾಗ ತೋರಿಸಬಾರದು. ಎಲೆ ಆರಿಸಲಾರದೆ ನಿಂತವರ ಕೈಗೆ ಛತ್ರದ ಬೀಗದ ಕೈಯನ್ನೇ ಕೊಟ್ಟ ಹಾಗಾಯಿತು.

ಮರಳಿನಲ್ಲಿ ಹೂತುಹೋಗದಿರಲು ಟೈರುಗಳ ಗಾಳಿ ಇಳಿಸಿಕೊಂಡು ಬೀಚಿಗೆ ಇಳಿದೆವು. ರಾಯರು ಗಾಡಿ ಓಡಿಸುವುದು ಬಿಟ್ಟು, ಸಲಿಕೆ ಹಿಡಿದು ಮುಂದೆ ಮುಂದೆ ನಡೆದರು. ಹತ್ತು ಹೆಜ್ಜೆಗೊಮ್ಮೆ ಮರಳು ಒದ್ದು ನೋಡುವುದು, ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿ ನೋಡುವುದು. ಊರಲ್ಲಿ ಬೋರ್‌ವೆಲ್ ಹಾಕಿಸುವ ಮುನ್ನ ತೆಂಗಿನಕಾಯಿ ಹಿಡಿದು ಹೊಲ ಸುತ್ತುವವರನ್ನು ನೆನೆದುಕೊಂಡು ನಾನು ದೋಣಿ ಎಳೆದುಕೊಂಡು ಹಿಂದೆ ಹೋದೆ. ಮೇಲುಗಡೆಯ ಗಟ್ಟಿ ನೆಲ ಬೇಡವಂತೆ, ಕೆರೆ ದೂರ. ನಡುವಿನ ದಿಬ್ಬ ಬೇಡವಂತೆ, ಗಾಳಿ ಹೆಚ್ಚು. ಕೊನೆಗೆ ನೀರಂಚಿಗೆ ಹತ್ತು ಹೆಜ್ಜೆ ದೂರದಲ್ಲಿ ಅವರು ಸಲಿಕೆಯನ್ನು ನೆಟ್ಟು ನಿಂತರು. ಫೋನಿನ ದಿಕ್ಸೂಚಿ ತೆಗೆದು ನೋಡಿದರು. ಮುಖ ಅರಳಿತು.

“ಈಶಾನ್ಯಕ್ಕೆ ನೀರು ಕಣ್ರೀ! ವಾಸ್ತು ಪ್ರಕಾರ ಇದಕ್ಕಿಂತ ಸೈಟು ಇಲ್ಲ. ಬಾಗಿಲೂ ಆ ಕಡೆಗೇ ಬರುತ್ತೆ, ನೆರಳೂ ಸಿಗುತ್ತೆ.”

ಇನ್ನು ಹಿಂದಕ್ಕೆ ಹೊಡೆದು ನಿಲ್ಲಿಸುವುದೊಂದು ಬಾಕಿ. ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಸ್ಟೀರಿಂಗನ್ನು ಯಾವ ಕಡೆ ತಿರುಗಿಸುತ್ತೇವೋ ಅದರ ಎದುರು ಕಡೆಗೆ ಅದರ ಬಾಲ ತಿರುಗುತ್ತದೆ. ಇದು ಬುದ್ಧಿಗೆ ಗೊತ್ತಿದ್ದರೂ ಕೈಗೆ ಗೊತ್ತಾಗಲು ವರ್ಷಗಳು ಬೇಕು. ಹಿಂದೆ ನಿಂತು ದಾರಿ ಹೇಳುವವರು ಅತ್ತಿಗೆ. ಅವರ ತಂದೆ ಬಸ್ ಕಂಡಕ್ಟರಾಗಿದ್ದವರು. ಹಾಗಾಗಿ ಅವರು ಟ್ರೇಲರಿನ ಬೆನ್ನಿಗೆ ಎರಡು ಏಟು ಕೊಟ್ಟು, “ರೈಟ್, ರೈಟ್! ಬರ್ಲಿ, ರೈಟ್!” ಎಂದು ಕೂಗಿದರು. ನಮ್ಮೂರಿನ ಭಾಷೆಯಲ್ಲಿ ಅದಕ್ಕೆ ‘ಹೊರಡಿ, ತೊಂದರೆಯಿಲ್ಲ’ ಎಂದರ್ಥ. ಮೂವತ್ತು ವರ್ಷ ಅಮೆರಿಕದಲ್ಲಿ ಗಾಡಿ ಓಡಿಸಿದ ರಾಯರಿಗೆ ಅದು ‘ಬಲಕ್ಕೆ’ ಎಂದು ಕೇಳಿಸಿತು. ಸ್ಟೀರಿಂಗು ಬಲಕ್ಕೆ ಹೋಯಿತು, ಟ್ರೇಲರು ಎಡಕ್ಕೆ ಹೋಯಿತು, ಅತ್ತಿಗೆ ಪಕ್ಕಕ್ಕೆ ಹಾರಿದರು.

“ರೀ, ಹೋಲ್ಡಾನ್! ಹೋಲ್ಡಾನ್! ಯಾಕ್ರೀ ತಿರುಗಿಸಿದ್ರಿ?”

“ನೀನೇ ತಾನೇ ರೈಟ್ ಅಂದಿದ್ದು?”

“ಸರಿಯಾಗಿ ಬರ್ತಿದೆ, ಬನ್ನಿ ಅಂದೆ!”

ಅಕ್ಕಪಕ್ಕದವರು ಮಡಚುವ ಕುರ್ಚಿಗಳನ್ನು ನಮ್ಮ ಕಡೆಗೆ ತಿರುಗಿಸಿ ಹಾಕಿಕೊಂಡರು. ಏಳನೆಯ ಪ್ರಯತ್ನಕ್ಕೆ ಗಾಡಿ ನೆಟ್ಟಗೆ ನಿಂತಾಗ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮತ್ತೆ ರಸಮಟ್ಟ, ಮತ್ತೆ ಹಲಗೆ, ಮತ್ತೆ ಗುಳ್ಳೆ. ಮೊಸರು ಬದುಕಿಕೊಂಡಿತು. ಪಕ್ಕದಲ್ಲೇ ನಾನು ನನ್ನ ಡೇರೆ ಹೊಡೆದೆ. ಅದಕ್ಕೆ ಹತ್ತು ನಿಮಿಷ ಹಿಡಿಯಿತು. ರಾಯರು ಅದನ್ನು ಕನಿಕರದಿಂದ ನೋಡಿದರು.

ದಡದ ಮೇಲೆ ನಮಗಿಂತ ಬಹಳ ಎತ್ತರದಲ್ಲಿ ಒಂದು ಹಳೆಯ ಟ್ರೇಲರಿತ್ತು. ಅದರ ಮುಂದೆ ಕೂತಿದ್ದ ಮಾಸಿದ ಟೋಪಿಯ ಅಜ್ಜ ಮೆಲ್ಲಗೆ ಇಳಿದು ಬಂದು, “ನೀರು ಏರ್ತಾ ಇದೆ, ನೋಡ್ಕೊಳಿ” ಎಂದು ಅವರ ಭಾಷೆಯಲ್ಲಿ ಹೇಳಿ ಹೋದರು.

ರಾಯರು ನನ್ನತ್ತ ಬಾಗಿ, “ಸೈಟು ಚೆನ್ನಾಗಿದ್ರೆ ಅಕ್ಕಪಕ್ಕದವರು ಹೀಗೇನೇ” ಅಂದರು.

ಶನಿವಾರ ಬೆಳಗ್ಗೆ ಆರಕ್ಕೆ ದೋಣಿ ಇಳಿಸುವುದೆಂದು ಮಾತಾಗಿತ್ತು. ಯಾವ ಆರು ಎಂಬುದು ಮಾತಾಗಿರಲಿಲ್ಲ. ಬೇಸಿಗೆಯಲ್ಲಿ ಯೂಟಾದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅರಿಜೋನಾದ ನಾವು ಮುಟ್ಟುವುದಿಲ್ಲ. ಗಡಿಯಂಚಿನ ಆ ಬೀಚಿನಲ್ಲಿ ನನ್ನ ಫೋನು ಒಂದು ರಾಜ್ಯಕ್ಕೆ, ಅವರ ಫೋನು ಇನ್ನೊಂದು ರಾಜ್ಯಕ್ಕೆ ನಿಷ್ಠೆ ತೋರಿಸಿದವು. ಒಂದು ಗಂಟೆ ಕಾದ ಸಿಟ್ಟಿನಲ್ಲಿ ನಾನು ದೋಣಿಯನ್ನು ಸ್ಟೇಟ್‌ಲೈನ್ ರ‍್ಯಾಂಪಿಗೆ ಎಳೆದೊಯ್ದು, ನೇರ ನೀರಿಗೆ ತಳ್ಳಹೊರಟೆ.

“ಬಿರಡೆ ಹಾಕಿದ್ರಾ?” ಎಂದು ಹಿಂದಿನಿಂದ ದನಿ ಬಂತು.

ಹಾಕಿರಲಿಲ್ಲ. ದೋಣಿಯ ಹಿಂಭಾಗದಲ್ಲಿ, ತಳದ ಬಳಿ ನೀರು ಬಸಿಯಲು ಒಂದು ತೂತಿರುತ್ತದೆ. ಲೇಕ್ ಪೊವೆಲ್‌ನಲ್ಲಿ ಕ್ವಾಗ್ಗಾ ಎಂಬ ಉಗುರಿನಷ್ಟು ಗಾತ್ರದ ಕಪ್ಪೆಚಿಪ್ಪಿನ ಕಾಟ; ಅದು ಬೇರೆ ಕೆರೆಗಳಿಗೆ ಹರಡಬಾರದೆಂದು, ಹೊರಡುವಾಗ ಪ್ರತಿ ದೋಣಿಯ ಬಿರಡೆ ಕಿತ್ತು, ನೀರೆಲ್ಲ ಬಸಿದು, ಒಣಗಿಸಬೇಕೆಂಬ ನಿಯಮವಿದೆ. ಹಿಂದಿನ ಸಲ ಕಿತ್ತ ಬಿರಡೆ ನನ್ನ ಅಂಗಿಯ ಜೇಬಿನಲ್ಲೇ ಉಳಿದು, ಅಂಗಿ ಫೀನಿಕ್ಸಿನಲ್ಲಿ ಉಳಿದಿತ್ತು. ಜಾಗರಾಯರು ತಮ್ಮ ಚೀಲದಿಂದ ಮೂರು ಅಳತೆಯ ಬಿರಡೆಗಳನ್ನು ತೆಗೆದು ಅಂಗೈಯಲ್ಲಿ ಹರಡಿದರು. ಎರಡನೆಯದು ಕೂತಿತು. ದೋಣಿಯಿಲ್ಲದ ಮನುಷ್ಯ ಬಿರಡೆ ಇಟ್ಟುಕೊಂಡು ಓಡಾಡುವುದೇಕೆ ಎಂದು ನಾನು ಕೇಳಲಿಲ್ಲ. ಅವರು ಇಲ್ಲದಿದ್ದರೆ ಲೇಕ್ ಪೊವೆಲ್‌ನ ತಳದಲ್ಲಿ ನನಗೂ ಒಂದು ಸೈಟು ಆಗುತ್ತಿತ್ತು.

ದೋಣಿ ಹೊರಟಿತು. ಬೆಳಗಿನ ನೀರು ಎಣ್ಣೆಯ ಹಾಗೆ ನಯವಾಗಿತ್ತು. ಬಂಡೆಗಳ ಕೆಂಪು ಅದರಲ್ಲಿ ತಲೆಕೆಳಗಾಗಿ ನಿಂತಿತ್ತು. ಅತ್ತಿಗೆ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ನನ್ನ ಹೆಂಡತಿ ನೀರಿಗೆ ಕಾಲು ಇಳಿಬಿಟ್ಟಳು. ಇಷ್ಟಕ್ಕಾಗಿಯೇ ಅಲ್ಲವೇ ನಾವು 275 ಮೈಲಿ ಬಂದದ್ದು? ಆದರೆ ನೀರಿನ ಮೇಲಿನಿಂದ ನೋಡಿದರೆ ಇಡೀ ಲೋನ್ ರಾಕ್ ಬೀಚು ಒಂದೇ ನೋಟಕ್ಕೆ ಕಾಣುತ್ತದೆ ಎಂಬ ಅಪಾಯವನ್ನು ನಾನು ಯೋಚಿಸಿರಲಿಲ್ಲ. ರಾಯರು ದುರ್ಬೀನು ಹಾಕಿ ದಡದ ಉದ್ದಕ್ಕೂ ಇಂಚಿಂಚಾಗಿ ನೋಡಿದರು. ಆಮೇಲೆ ದುರ್ಬೀನು ಇಳಿಸಿ, ಕಳೆದುಹೋದ ಮಗು ಸಿಕ್ಕವರ ದನಿಯಲ್ಲಿ, “ಅಲ್ಲಿ ನೋಡ್ರೀ, ಎಡಗಡೆ, ಆ ಸಣ್ಣ ಕೊಲ್ಲಿ ಪಕ್ಕ. ಸಮತಟ್ಟು, ಒಬ್ಬರೂ ಇಲ್ಲ. ನಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ ಅದು? ತಿರುಗಿಸಿ, ತಿರುಗಿಸಿ!” ಅಂದರು.

“ರೀ, ಚಿತ್ರಾನ್ನ...” ಅಂದರು ಅತ್ತಿಗೆ.

“ಅಲ್ಲಿ ಹೋಗಿ ತಿನ್ನೋಣ.”

ನಾವು ದಡ ಮುಟ್ಟಿ, ಅವರು ಸಲಿಕೆ ಹಿಡಿದು ಅಲ್ಲಿಗೆ ಓಡುವಷ್ಟರಲ್ಲಿ ಒಂದು ದೊಡ್ಡ ಸಂಸಾರ ಮೂರು ಡೇರೆ ಹೊಡೆದು, ಒಲೆಯನ್ನೂ ಹೊತ್ತಿಸಿತ್ತು. ರಾಯರು ಹಿಂತಿರುಗಿ ಬಂದು, ತಣ್ಣಗಾದ ಚಿತ್ರಾನ್ನದ ಮುಂದೆ ಕೂತು, “ಹೋಗ್ಲಿ ಬಿಡಿ, ಅಲ್ಲಿ ನೈಋತ್ಯ ತಗ್ಗು” ಅಂದರು.

ಒಂದು ಸಮಾಧಾನ ಕಾದಿತ್ತು. ನಿನ್ನೆ ಹತ್ತು ಹೆಜ್ಜೆ ದೂರವಿದ್ದ ನೀರು ಈಗ ಆರು ಹೆಜ್ಜೆಗೆ ಬಂದಿತ್ತು. ರಾಯರು ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡು ಕೂತು, ಸೈಟಿನ ಬೆಲೆ ಏರಿದವರ ಹಾಗೆ ಕಾಲ ಮೇಲೆ ಕಾಲು ಹಾಕಿದರು. “ನಿನ್ನೆ ಲೇಕ್ ವ್ಯೂ ಇತ್ತು. ಈವತ್ತು ಲೇಕ್ ಫ್ರಂಟ್ ಆಯ್ತು.”

ರಾಯರು ಮಂಡ್ಯದವರು ಎಂದೆನಲ್ಲ. ಫೀನಿಕ್ಸಿನಲ್ಲಿ ಕೂತು ಇವತ್ತಿಗೂ ಬೆಳಗ್ಗೆ ಕಾಫಿಗಿಂತ ಮೊದಲು ಕೆಆರ್‌ಎಸ್ ನೀರಿನ ಮಟ್ಟ ನೋಡುವವರು. 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವೆಷ್ಟು, ಹೊರಹರಿವೆಷ್ಟು ಎಲ್ಲ ಅವರ ನಾಲಗೆಯ ಮೇಲೆ. ಎದುರಿಗೇ ಇರುವ ಪೊವೆಲ್‌ನ ಮಟ್ಟವನ್ನು ಮಾತ್ರ ನೋಡಿರಲಿಲ್ಲ. ಬರದಿಂದ ಬತ್ತಿದ್ದ ಆ ಜಲಾಶಯ 2023ರ ಆರಂಭದಲ್ಲಿ, ತುಂಬಿದ ಮೇಲೆ ಎಂದೂ ಕಾಣದಷ್ಟು ಕೆಳಗೆ ಇಳಿದಿತ್ತು. ಆ ಚಳಿಗಾಲ ರಾಕಿ ಬೆಟ್ಟಗಳ ಮೇಲೆ ಭರ್ಜರಿ ಹಿಮ ಬಿತ್ತು. ಅದು ಕರಗಿ ಹರಿದು ಬಂದು, ಏಪ್ರಿಲ್ ಮಧ್ಯದಿಂದ ಜುಲೈ ಆರಂಭದೊಳಗೆ ಮಟ್ಟ 60 ಅಡಿಗೂ ಹೆಚ್ಚು ಏರಿತು. ಎಂದರೆ ದಿನಕ್ಕೆ ಸರಾಸರಿ ಮುಕ್ಕಾಲು ಅಡಿ. ಮುಕ್ಕಾಲು ಅಡಿ ಏನು ಮಹಾ ಎನ್ನಬೇಡಿ. ಹತ್ತಡಿಗೆ ಅರ್ಧ ಅಡಿ ಇಳಿಜಾರಿರುವ ಮರಳುದಂಡೆಯಲ್ಲಿ ಮುಕ್ಕಾಲು ಅಡಿ ಏರಿದ ನೀರು ಹದಿನೈದು ಅಡಿ ಒಳಗೆ ನಡೆದು ಬರುತ್ತದೆ. ಆರು ಹೆಜ್ಜೆಗೆ ಎಷ್ಟಡಿ ಎಂದು ನೀವೇ ಲೆಕ್ಕ ಹಾಕಿ. ನಾವು ಹಾಕಲಿಲ್ಲ.

ಭಾನುವಾರ ನಸುಕಿನಲ್ಲಿ ನನ್ನನ್ನು ಎಬ್ಬಿಸಿದ್ದು ಅತ್ತಿಗೆಯ ಕೂಗು. ಡೇರೆಯಿಂದ ತಲೆ ಹೊರಗೆ ಹಾಕಿದರೆ, ಟ್ರೇಲರಿನ ಬಾಗಿಲ ಮುಂದೆ ಹಾಸಿದ್ದ ಚಾಪೆ ಒಂಟಿ ಬಂಡೆಯ ಕಡೆಗೆ ಹೊರಟಿತ್ತು. ರಾಯರ ಒಂದು ಚಪ್ಪಲಿ ಅದರ ಮೇಲೆ ಕೂತು ಪ್ರಯಾಣ ಮಾಡುತ್ತಿತ್ತು. ಟ್ರೇಲರಿನ ಮೆಟ್ಟಿಲು, ಈಶಾನ್ಯದ ಚಕ್ರ, ಅದರ ಕೆಳಗಿನ ಹಲಗೆಗಳು ನೀರಿನಲ್ಲಿ. ಬಾಗಿಲಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ ರಾಯರು ಬಗ್ಗಿ, ರಸಮಟ್ಟ ಹಿಡಿದು ನೋಡುತ್ತಿದ್ದರು.

“ಗುಳ್ಳೆ ಇನ್ನೂ ನಡುವೇನೇ ಇದೆ ಕಣ್ರೀ” ಅಂದರು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆಯನ್ನು ಒತ್ತುವರಿ ಮಾಡಿ ಅಭ್ಯಾಸವಿರುವ ಊರಿನಿಂದ ಬಂದ ಮನುಷ್ಯನ ಸೈಟನ್ನು ಈಗ ಒಂದು ಕೆರೆ ಒತ್ತುವರಿ ಮಾಡಿಕೊಂಡಿತ್ತು. ಎಲ್ಲಿಗೆ ಅರ್ಜಿ ಹಾಕುವುದು?

ಮೊಣಕಾಲಿನವರೆಗೆ ನೀರಲ್ಲಿ ನಿಂತು ಕೊಂಡಿ ಹಾಕಿದೆವು. ಪಿಕಪ್ಪು ಎಳೆಯಿತು, ಒದ್ದೆ ಮರಳಿನಲ್ಲಿ ಚಕ್ರಗಳು ಸುತ್ತಿದವು, ಇನ್ನೂ ಆಳಕ್ಕೆ ಇಳಿದವು. ಆಗ ಮಾಸಿದ ಟೋಪಿಯ ಅಜ್ಜ ತಮ್ಮ ಜೀಪು ತಂದು, ಪಟ್ಟಿ ಕಟ್ಟಿ, ಎರಡು ಎಳೆತಕ್ಕೆ ನಮ್ಮನ್ನು ಮೇಲೆ ತಂದರು. ‘ನಾನು ಹೇಳಿರಲಿಲ್ಲವೇ’ ಎಂಬ ಒಂದು ಮಾತನ್ನೂ ಆಡಲಿಲ್ಲ. ಅತ್ತಿಗೆ ಅವರಿಗೆ ಕಾಫಿ ಕೊಟ್ಟರು. ಅಜ್ಜ ಕುಡಿಯುತ್ತಾ ಕೂತಾಗ ರಾಯರು ಅವರ ಟ್ರೇಲರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಲಗೆ ಇಲ್ಲ, ರಸಮಟ್ಟ ಇಲ್ಲ, ಬಾಗಿಲು ಪಶ್ಚಿಮಕ್ಕೆ. ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದು ಕೇಳಿದರು. ಇಪ್ಪತ್ತು ವರ್ಷವಂತೆ. ಜಾಗ ಹೇಗೆ ಆರಿಸುತ್ತೀರಿ ಎಂದು ಕೇಳಿದರು. ಅಜ್ಜನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ವಾಪಸು ಬರುವಾಗ ಫ್ಲ್ಯಾಗ್‌ಸ್ಟಾಫಿನಲ್ಲಿ ಊಟಕ್ಕೆ ನಿಂತೆವು. ಹೋಟೆಲಿನ ನಿಲುಗಡೆಯಲ್ಲಿ ರಾಯರು ಮೂರು ಸುತ್ತು ಹಾಕಿದರು. ನಾವು ಒಳಗೆ ಕೂತು ಕಾದೆವು. ಅತ್ತಿಗೆ ಕಿಟಕಿಯಿಂದ ನೋಡುತ್ತಾ, “ಆ ಮೂರು ಅರ್ಜಿಯಲ್ಲಿ ಒಂದಾದ್ರೂ ಬಂದಿದ್ರೆ ನಾನು ಈವತ್ತು ಬಿಸಿ ಊಟ ಮಾಡ್ತಿದ್ದೆ” ಅಂದರು.

ಮುಂದಿನ ಸಲಕ್ಕೆ ರಾಯರು ವಾವೀಪಿನಲ್ಲಿ ಅಕ್ಕಪಕ್ಕದ ಎರಡು ಸೈಟು ಕಾದಿರಿಸಿದರು, ಹೋಗಿ ನೋಡಿ ಒಂದನ್ನು ಆರಿಸಿಕೊಳ್ಳೋಣ ಎಂದು. ನಾನು ಒಪ್ಪಿಕೊಂಡೆ. ಬಿರಡೆ ನೆನಪಿಸುವವರು ನನಗೂ ಬೇಕಲ್ಲ. ಆ ಮೂರು ದಿನದ ಲೆಕ್ಕವನ್ನು ಮಾತ್ರ ಬರೆದಿಟ್ಟುಕೊಂಡಿದ್ದೇನೆ: ಜಾಗ ನೋಡಿ, ನಿಲ್ಲಿಸಿ, ಮಟ್ಟ ಮಾಡಿ, ಕಿತ್ತು, ಮತ್ತೆ ನಿಲ್ಲಿಸಿದ್ದು ಹನ್ನೊಂದು ಗಂಟೆ, ದೋಣಿ ನೀರಿನ ಮೇಲೆ ಓಡಿದ್ದು ಒಂದು ಗಂಟೆ ನಲವತ್ತು ನಿಮಿಷ. ಈ ಲೆಕ್ಕವೊಂದು ಅರಿಜೋನಾದ ಗಡಿಯಾರದಲ್ಲೂ ಯೂಟಾದ ಗಡಿಯಾರದಲ್ಲೂ ಒಂದೇ.